ಫ್ರಿಜ್ ಕಾದ ಚಳಿರಾಯ

ನಮ್ಮವರು ಹೋಗುವ ಹಿಂದಿನ ದಿನ ನಾನು ತಂದ ಊಟವನ್ನು ಒಳಗೆ ಬಿಡಲಿಲ್ಲ.

ತಂದವಳು ಕಟ್ಟಿಕೊಂಡ ಹೆಂಡತಿ. ತಂದದ್ದು ಅವರಿಗೇ. ಆದರೂ ಬಿಡಲಿಲ್ಲ. ಡಬ್ಬಿಯ ಮೇಲೆ ತಾರೀಕು ಇರಲಿಲ್ಲವಂತೆ.

"ತಾರೀಕೆಲ್ಲಿ?" ಎಂದರು. ಗಾಲಿಕುರ್ಚಿಯಲ್ಲಿ ಕೂತು, ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟಿದ್ದರು. ಹೊರಗೆ ತಲೆ ಒಡೆಯುವ ಬಿಸಿಲು. ಇವರ ಮೈ ಮೇಲೆ ಹತ್ತಿ ತುಂಬಿದ ದಪ್ಪ ನೀಲಿ ಕೋಟು.

"ಈಗ ಮಾಡಿದ್ದು ರೀ. ಬಿಸಿ ಆರಿದ ತಕ್ಷಣ ತಂದಿದೀನಿ. ಬೇಕಾದ್ರೆ ಮುಟ್ಟಿ ನೋಡಿ."

"ಮುಟ್ಟಿದ್ರೆ ತಾರೀಕು ಗೊತ್ತಾಗುತ್ತಾ?"

"ಮದುವೆ ಆದಾಗಿಂದ ನನ್ನ ಕೈ ಅಡುಗೆ ತಿಂತಿದೀರಿ. ಒಂದು ದಿನಾನಾದ್ರೂ ತಾರೀಕು ಕೇಳಿದ್ರಾ?"

"ಆಗ ನನಗೆ ಬೇರೆ ಕೆಲಸ ಇತ್ತು."

ಪಕ್ಕದ ಬೆಂಚಿನಲ್ಲಿ ಕೂತಿದ್ದ ಟೈಲರ್ ಕಿಸಕ್ಕನೆ ನಕ್ಕರು. ಅವರು ಆ ವಯಸ್ಸಾದವರ ಹೋಮಿನಲ್ಲಿ ನಮ್ಮವರ ಜೊತೆ ಒಂದೇ ಕೋಣೆಯಲ್ಲಿ ಇದ್ದವರು. ಒಂದು ಕಾಲದಲ್ಲಿ ಊರಿನ ಅರ್ಧ ಗಂಡಸರಿಗೆ ಪ್ಯಾಂಟು ಹೊಲಿದವರು. ಈಗ ಸೂಜಿ ಹಿಡಿಯಲಾಗದ ಕೈ. ಆದರೆ ಎದುರಿಗೆ ಬಂದವರ ಬಟ್ಟೆಗೆ ಹೆಸರಿಡುವುದನ್ನು ಮಾತ್ರ ಬಿಟ್ಟಿಲ್ಲ.

"ಬರೆದುಬಿಡಿ ಅಮ್ಮಾ," ಎಂದರು. "ನಿನ್ನೆ ನನ್ನ ಸೊಸೆ ತಂದ ಕೇಕಿಗೆ ಗತಿ ಕಾಣಿಸಿದ ಮನುಷ್ಯ ಇವನು. ಅವಳ ಕುಪ್ಪಸದ ತೋಳು ಒಂದು ಉದ್ದ ಒಂದು ಗಿಡ್ಡ ಇತ್ತು ಬಿಡಿ, ಆದ್ರೆ ಕೇಕು ಚೆನ್ನಾಗಿತ್ತು."

ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ಒಂದು ಪೆನ್ನು ತೂಗು ಹಾಕಿದ್ದರು. ಅದರಲ್ಲಿ ಚೀಟಿ ಬರೆದೆ. ನಾನು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಹೆಸರು ಬರೆಯುತ್ತೇನೆ, ಅಂಕಿ ಬರೆಯುತ್ತೇನೆ. ಚೆಂದ ಇರಬೇಕು ಅಂತ ಯಾರೂ ಕೇಳಿರಲಿಲ್ಲ.

"ಇದೇನಿದು, ಎರಡಾ? ಬಾತುಕೋಳಿ ಕೂತ ಹಾಗಿದೆ."

"ಬಾತುಕೋಳಿನೇ. ಅದನ್ನೂ ತಿನ್ನಿ."

ಡಬ್ಬಿಯನ್ನು ತಿರುಗಿಸಿ, ಮುಚ್ಚಳವನ್ನು ನಾಲ್ಕೂ ಕಡೆ ಒತ್ತಿ, ಮಧ್ಯದ ಹಲಗೆಯಲ್ಲಿ ಚೀಟಿ ಹೊರಗೆ ಕಾಣುವ ಹಾಗೆ ಇಟ್ಟರು. ಹಾಲು ಸಕ್ಕರೆ ಹಾಕಿ ಬೇಯಿಸಿದ ಅನ್ನ. ಅವರ ಪ್ರಾಣ ಅದು. ಮರುದಿನ ಮಧ್ಯಾಹ್ನ ಬಿಸಿ ಮಾಡಿಸಿಕೊಂಡು ತಿನ್ನುತ್ತೇನೆ ಎಂದರು. ನಾನು ಚೀಲ ಎತ್ತಿಕೊಂಡು ಹೊರಟೆ.

ಹಿಂದಿನಿಂದ ಕೂಗಿದರು. "ಏಯ್, ಹೋಗ್ತಾ ಬಾಗಿಲು ಸರಿಯಾಗಿ ಹಾಕು."

ಕೊನೆಯ ಮಾತು ಅಂತ ಜನ ಏನೇನೋ ಹೇಳಿಕೊಳ್ಳುತ್ತಾರೆ. ಯಾರೋ ಹೆಂಡತಿಯ ಕೈ ಹಿಡಿದುಕೊಂಡರಂತೆ, ಯಾರೋ ಮುಂದಿನ ಜನ್ಮದಲ್ಲೂ ನೀನೇ ಎಂದರಂತೆ. ನನಗೆ ಸಿಕ್ಕಿದ್ದು ಇದು. ಬಾಗಿಲು ಹಾಕು.

ಅವರು ದುಡಿದದ್ದು ಕೋಲ್ಡ್ ಸ್ಟೋರೇಜಿನಲ್ಲಿ. ಮೀನು, ಬೆಣ್ಣೆ, ಹಣ್ಣು, ಎಲ್ಲವನ್ನೂ ಹೆಪ್ಪುಗಟ್ಟಿಸಿ ಇಡುವ ದೊಡ್ಡ ಗೋದಾಮು. ಹೊರಗೆ ಜನ ಬೆವರು ಒರೆಸಿಕೊಳ್ಳುವಾಗ ಒಳಗೆ ಇವರ ಮೀಸೆಯಲ್ಲಿ ಹಿಮ. ಕೈಗಾಡಿಯಲ್ಲಿ ಪೆಟ್ಟಿಗೆ ತಳ್ಳುವುದು, ಇಳಿಸುವುದು, ಬಾಗಿಲು ಹಾಕುವುದು. ಬಾಗಿಲು ಸರಿಯಾಗಿ ಹಾಕದಿದ್ದರೆ ಮೇಸ್ತ್ರಿ ಕಿವಿ ಹಿಂಡುತ್ತಿದ್ದ. ಹಾಗಾಗಿ ಮನೆಯಲ್ಲೂ ಅದೇ ಮಂತ್ರ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಕೋಣೆಗೆ ಬಂದವರು ಮೊದಲು ನೋಡಿದ್ದು ಮಗುವನ್ನಲ್ಲ. ಬಾಗಿಲು ತೆರೆದಿತ್ತು. ಹಾಕಿ ಬಂದು ಆಮೇಲೆ ನೋಡಿದರು.

ಕೆಲಸ ಮುಗಿಸಿ ಬಂದರೆ ಒಲೆಯ ಪಕ್ಕ ಕೂತು ಕೈ ಚಾಚುತ್ತಿದ್ದರು. ಎಷ್ಟು ಸೆಖೆ ಇದ್ದರೂ ಬಿಸಿನೀರೇ. ಕೆಲಸದವರು ಚಳಿರಾಯ ಎಂದು ಹೆಸರಿಟ್ಟರು. ಆ ಹೆಸರು ಮನೆ ತನಕ ಬಂತು, ಅಂಗಡಿಯವನ ಬಾಯಿಗೂ ಬಂತು. ನಾನು ಚಳಿರಾಯರ ಹೆಂಡತಿ ಆದೆ. ರಾಯರು ಎಂದರೆ ದೊಡ್ಡ ಪದವಿ. ಇದ್ದದ್ದು ಎರಡು ಕೋಣೆ, ಮೂರನೇ ಮಹಡಿ.

ಕೆಲಸ ಬಿಡುವ ದಿನ ಕಂಪನಿಯವರು ಸಭೆ ಮಾಡಿ ಉಡುಗೊರೆ ಕೊಟ್ಟರು. ಬಣ್ಣದ ಕಾಗದ ಬಿಚ್ಚಿ ನೋಡಿದರೆ ಇವರದೇ ಹಳೆಯ ಕೋಟು. ಒಗೆಸಿ ಕೊಟ್ಟಿದ್ದರು. ಅಷ್ಟು ದೊಡ್ಡ ಮನಸ್ಸು. ಇವರಿಗೋ ಹಿಡಿಸಲಾರದ ಖುಷಿ. "ಗುಂಡಿ ಕೂಡ ಹೊಸದು ಹಾಕಿಸಿದಾರೆ ನೋಡೆ," ಎಂದು ತೋರಿಸಿದರು.

ಫ್ರಿಜ್ ಎಂದರೆ ಮಾತ್ರ ಉರಿದು ಬೀಳುತ್ತಿದ್ದರು. "ಇಡೀ ದಿನ ಅದರ ಹೊಟ್ಟೆಯೊಳಗೆ ಇದ್ದು ಬರೋನಿಗೆ ಮನೇಲೂ ಒಂದು ಬೇಕಾ? ಚಳಿ ಹಿಡಿದ ಊಟ ಸತ್ತ ಊಟ." ಮಗಳು ಮದುವೆಯಾದ ಮೇಲೆ ಒಂದು ಫ್ರಿಜ್ ಕಳಿಸಿದಳು. ಇವರು ಪ್ಲಗ್ಗೇ ಹಾಕಲಿಲ್ಲ. ಅದರಲ್ಲಿ ಹೊದಿಕೆ, ದಿಂಬಿನ ಚೀಲ, ಬೇಸಿಗೆಯಲ್ಲಿ ಬೇಡದ ಸ್ವೆಟರು ಮಡಚಿ ಇಟ್ಟೆ. ಮಗಳು ಬಂದಾಗ ಐಸ್ ನೀರು ತೆಗೆಯಲು ಬಾಗಿಲು ಎಳೆದರೆ ಸ್ವೆಟರು ಕೈಗೆ ಬಂತು. "ಅಪ್ಪಾ!" ಎಂದಳು. "ಇಲಿ ಬರಲ್ಲ ಮಗಾ, ಭಾರಿ ಉಪಯೋಗ," ಎಂದರು ಇವರು.

ನಾನು ದಿನಾ ಬೇಕಾದಷ್ಟೇ ಮಾಡುತ್ತಿದ್ದೆ, ಬಿಸಿ ಬಿಸಿ ಬಡಿಸುತ್ತಿದ್ದೆ. ಯಾವತ್ತೂ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಇದು ನನ್ನ ಹೆಮ್ಮೆ. ಬೇರೆ ಹೆಮ್ಮೆ ಇರಲಿಲ್ಲ, ಇದಾದರೂ ಇರಲಿ.

ಆಮೇಲೆ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹೊಲಿದರು, ಮೊಳೆ ಹಾಕಿದರು. ಆದರೂ ಕಾಲು ನೆಲಕ್ಕೆ ಊರಲಿಲ್ಲ. ನಾನು ಎತ್ತಲು ಹೋದರೆ ಇಬ್ಬರೂ ಬೀಳುತ್ತಿದ್ದೆವು. ಒಂದು ಸಲ ಬಿದ್ದು, ಎದ್ದೇಳಲಾಗದೆ, ಬಚ್ಚಲ ನೆಲದ ಮೇಲೆ ಇಬ್ಬರೂ ಕೂತು ಹಾಲಿನವನು ಬರುವ ತನಕ ಜಗಳ ಆಡಿದೆವು. ಅದಾದ ಮೇಲೆ ಹೋಮಿಗೆ ಸೇರಿಸಿದೆವು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ. ವಯಸ್ಸಾದವರನ್ನು, ಎದ್ದು ಓಡಾಡಲಾಗದವರನ್ನು ನೋಡಿಕೊಳ್ಳುವ ಜಾಗ. ಉದ್ದನೆಯ ಓಣಿ, ಎರಡೂ ಕಡೆ ಕೋಣೆ, ಕೊನೆಯಲ್ಲಿ ಊಟದ ಹಾಲ್. ಹಾಲಿನ ಮೂಲೆಯಲ್ಲಿ ಫ್ರಿಜ್.

ಆ ಫ್ರಿಜ್ ಹೊರಗಿನ ಊಟಕ್ಕೆ. ಹೋಮಿನ ಅಡುಗೆಗೆ ಬೇರೆ ಇತ್ತು. ಮನೆಯವರು ಏನು ತಂದರೂ ಮೊದಲು ದೊಡ್ಡ ಸಿಸ್ಟರಿಗೆ ತೋರಿಸಬೇಕು. ಗಟ್ಟಿ ಮುಚ್ಚಳದ ಡಬ್ಬಿ, ಅದರ ಮೇಲೆ ಹೆಸರು, ಕೋಣೆ, ತಾರೀಕು. ಮೂರು ದಿನ ಕಳೆದರೆ ಕಸಕ್ಕೆ. ಒಮ್ಮೆ ಬಿಸಿ ಮಾಡಿದ್ದನ್ನು ತಿರುಗಿ ಒಳಗೆ ಇಡುವ ಹಾಗಿಲ್ಲ. ಗೋಡೆಯ ಮೇಲೆ ಇಷ್ಟನ್ನೂ ಬರೆದು ಅಂಟಿಸಿದ್ದರು. ಅದರ ಮೇಲೆ ಯಾರೋ ಕ್ಯಾಲೆಂಡರ್ ನೇತು ಹಾಕಿದ್ದರು. ಹಾಗಾಗಿ ಯಾರೂ ಓದುತ್ತಿರಲಿಲ್ಲ. ಡಬ್ಬಿಗಳು ಒಂದರ ಮೇಲೊಂದು ಕೂತು, ಯಾರದು ಯಾರದು ಎಂದು ಅವಕ್ಕೇ ಮರೆತುಹೋಗಿತ್ತು.

ಹೋಮಿನ ಊಟ ನಮ್ಮವರ ಗಂಟಲಲ್ಲಿ ಇಳಿಯಲಿಲ್ಲ. "ಎಲ್ಲಾನೂ ಒಂದೇ ರುಚಿ ಕಣೆ," ಎನ್ನುತ್ತಿದ್ದರು. "ಕುಂಬಳಕಾಯಿಗೂ ಮೀನಿಗೂ ವ್ಯತ್ಯಾಸ ಕೇಳಿದ್ರೆ ಬಣ್ಣ ನೋಡಿ ಹೇಳಬೇಕು." ಮೈ ಇಳಿಯುತ್ತಾ ಬಂತು. ಕೈಯ ವಾಚು ಮೊಣಕೈ ತನಕ ಜಾರುತ್ತಿತ್ತು. ದೊಡ್ಡ ಸಿಸ್ಟರ್ ನನ್ನನ್ನು ಕರೆದು, "ಅಮ್ಮಾ, ನೀವು ಏನಾದ್ರೂ ತಂದ್ರೆ ಮಾತ್ರ ತಿಂತಾರೆ. ತರ್ತಾ ಇರಿ," ಎಂದರು. ನಾನು ದಿನಾ ಬೆಳಿಗ್ಗೆ ತರುತ್ತಿದ್ದೆ. ಫ್ರಿಜ್ಜಿಗೆ ಇಟ್ಟು, ಅವರ ತಲೆ ಬಾಚಿ, ಎರಡು ಮಾತು ಬೈಸಿಕೊಂಡು, ವಾಪಸು ಬರುತ್ತಿದ್ದೆ. ಡಬ್ಬಿ ಮರುದಿನ ಖಾಲಿ ಸಿಗುತ್ತಿತ್ತು. ಮೈಯೂ ಸ್ವಲ್ಪ ತುಂಬಿಕೊಂಡಿತು. ಎಲ್ಲ ಸರಿಯಿದೆ ಎಂದುಕೊಂಡೆ.

ಒಂದು ಬೆಳಿಗ್ಗೆ ಹೋದರೆ ಓಣಿಯಲ್ಲಿ ಫಿನಾಯಿಲ್ ವಾಸನೆ. ನಮ್ಮವರು ಹಾಸಿಗೆಯಲ್ಲಿ ಒಗೆದ ಬಟ್ಟೆಯ ಹಾಗೆ ಬಿದ್ದಿದ್ದಾರೆ. ವಾಂತಿ, ಭೇದಿ. ಟೈಲರಿನ ಹಾಸಿಗೆ ಖಾಲಿ. ಕೆಲಸದ ಹುಡುಗಿಯರನ್ನು ಕೇಳಿದೆ. ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿದ್ದಾರೆ ಎಂದರು.

ಊಟದ ಹಾಲಿನಲ್ಲಿ ಟೈಲರಿನ ಸೊಸೆ ನಿಂತಿದ್ದಳು. ನನ್ನನ್ನು ನೋಡಿದ್ದೇ ತಡ, ಕೂಗಿದಳು.

"ಬಂದ್ರು ನೋಡಿ. ಏನು ಹಾಕಿದ್ರಿ ಆ ಅನ್ನಕ್ಕೆ? ನಮ್ಮ ಮಾವ ನಿಮ್ಮ ಗಂಡ ಕೊಟ್ಟಿದ್ದನ್ನೇ ತಿಂದದ್ದು. ಬೇರೆ ಏನೂ ತಿಂದಿಲ್ಲ."

"ಹಾಲು, ಅಕ್ಕಿ, ಸಕ್ಕರೆ," ಎಂದೆ.

"ಹಾಳಾದ ಹಾಲು ಇರಬೇಕು."

ಈಕೆ ಮಾವನನ್ನು ನೋಡಲು ಬರುತ್ತಿದ್ದದ್ದು ಅಪರೂಪಕ್ಕೆ. ಬಂದಾಗ ದೊಡ್ಡ ಪೆಟ್ಟಿಗೆಯಲ್ಲಿ ಕೇಕು. ಪ್ರೀತಿ ಕೂಡಿಸಿಟ್ಟು ಒಟ್ಟಿಗೆ ತರುತ್ತಿದ್ದಳು. ನನ್ನ ಕೈ ಅಡುಗೆಯ ಬಗ್ಗೆ ಹಾಗೆ ಯಾರೂ ಹೇಳಿರಲಿಲ್ಲ.

ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖವೂ ಗಂಟು. "ಅಮ್ಮಾ, ಮ್ಯಾನೇಜರ್ ಹೇಳಿಬಿಟ್ಟಿದಾರೆ. ಇವತ್ತಿಂದ ಹೊರಗಿನ ಊಟ ಬಂದ್. ನಿಮ್ಮವರಿಗೆ ಮಾತ್ರ ಅಲ್ಲ, ಎಲ್ಲರಿಗೂ."

"ಇವರು ಇಲ್ಲಿನದ್ದು ತಿನ್ನಲ್ಲ ಸಿಸ್ಟರ್."

"ಗೊತ್ತು."

"ಮತ್ತೆ?"

ಅವರು ಮೂಲೆಯ ಕಡೆ ಕೈ ತೋರಿಸಿದರು. ಫ್ರಿಜ್ಜಿನ ಪ್ಲಗ್ ತೆಗೆದು, ಬಾಗಿಲನ್ನು ಹಾಗೇ ತೆರೆದು ಬಿಟ್ಟಿದ್ದರು.

ನಾನು ಕೋಣೆಗೆ ಹೋದೆ. ನಮ್ಮವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ತಲೆದಿಂಬಿನ ಹತ್ತಿರ ಆ ಕೋಟು. ಕೊಳಕಾಗಿರಬಹುದು, ಒಗೆಯೋಣ ಎಂದು ಎತ್ತಿದೆ. ಹುಳಿ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಒಳಗಿನ ಜೇಬಿಗೆ ಕೈ ಹಾಕಿದರೆ ಅಂಟು ಅಂಟು, ಬೆರಳಿಗೆ ಅನ್ನದ ಅಗುಳು.

"ರೀ."

ಗೋಡೆಯ ಕಡೆ ಇನ್ನಷ್ಟು ಸರಿದರು.

"ರೀ, ಈ ಕಡೆ ತಿರುಗಿ. ಡಬ್ಬಿ ಎಲ್ಲಿ ಇಡ್ತಿದ್ರಿ?"

ಗೋಡೆಯ ಜೊತೆ ಮಾತಾಡುವ ಹಾಗೆ ಹೇಳಿದರು. "ನೀನು ಹೋದ ಮೇಲೆ ಹುಡುಗೀರಿಗೆ ಹೇಳಿ ಫ್ರಿಜ್ಜಿಂದ ತೆಗೆಸಿಬಿಡ್ತಿದ್ದೆ."

"ತೆಗೆಸಿ?"

"ಬಿಸಿ ಮಾಡಿಸಿ ಕೋಟಲ್ಲಿ ಸುತ್ತಿ ಇಡ್ತಿದ್ದೆ. ಸಂಜೆ ತನಕ ಬೆಚ್ಚಗೆ ಇರೋದು. ಅಷ್ಟು ಚಳಿಯಲ್ಲಿ ನನ್ನನ್ನೇ ಬೆಚ್ಚಗೆ ಇಟ್ಟಿತ್ತಲ್ಲೇ, ಒಂದು ಡಬ್ಬಿ ಅನ್ನ ಇಡಲ್ವಾ?"

ನಾನು ಕೋಟನ್ನು ಹಾಗೇ ಎತ್ತಿಕೊಂಡು ಹಾಲಿಗೆ ಹೋದೆ. ದೊಡ್ಡ ಸಿಸ್ಟರಿನ ಮೂಗಿಗೇ ಹಿಡಿದೆ. ಟೈಲರಿನ ಸೊಸೆಯ ಮೂಗಿಗೂ ಹಿಡಿದೆ, ಅವಳಿಗೆ ಸ್ವಲ್ಪ ಜಾಸ್ತಿ ಹೊತ್ತು.

ಸಿಸ್ಟರ್ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡೆ. ಆದರೆ ಅವರಿಗೆ ದಣಿವಾಗಿತ್ತು.

"ತಾತಾ, ಬೆಚ್ಚಗೆ ನಿಮಗೆ ಎಷ್ಟು ಇಷ್ಟವೋ ಕ್ರಿಮಿಗೂ ಅಷ್ಟೇ ಇಷ್ಟ. ಚಳಿಯಲ್ಲಿ ಅದು ಮುದುಡಿ ಮಲಗಿರುತ್ತೆ. ಕುದಿ ಬಂದ್ರೆ ಬಹಳಷ್ಟು ಸಾಯುತ್ತೆ. ನೀವು ಎರಡೂ ಮಾಡಲಿಲ್ಲ. ಕೋಟು ಹೊದಿಸಿ ಸಾಕಿದ್ರಿ."

ನಮ್ಮವರು ನನ್ನ ಕೈಯಲ್ಲಿದ್ದ ಕೋಟು ನೋಡಿದರು. ಆಮೇಲೆ ಹೇಳಿದರು, "ಕೋಟಿಂದೇನೂ ತಪ್ಪಿಲ್ಲ. ಅದು ಅದರ ಕೆಲಸ ಮಾಡಿದೆ."

ಸಿಸ್ಟರಿಗೆ ನಗು ಬಂತು, ತಡೆದುಕೊಂಡರು. ಆದರೆ ಬಂದ್ ಬಂದೇ. ನನ್ನ ಅಡುಗೆಯ ಮೇಲಿನ ಮಾತು ಹೋಯಿತು, ಊಟ ಬರಲಿಲ್ಲ.

ಮುಂದಿನ ದಿನಗಳಲ್ಲಿ ಓಣಿಯ ಜನ ನಮ್ಮವರ ಕಡೆ ಮುಖ ಎತ್ತಿ ನೋಡಲಿಲ್ಲ. ಎಲ್ಲರಿಗೂ ಮನೆಯಿಂದ ಏನೋ ಬರುತ್ತಿತ್ತು. ಒಬ್ಬರಿಗೆ ಮೊಮ್ಮಗಳು ತರುವ ಬಿಸ್ಕತ್ತು, ಒಬ್ಬರಿಗೆ ತಮ್ಮನ ಮನೆಯ ಉಪ್ಪಿನಕಾಯಿ. ಈಗ ಭೇಟಿಗೆ ಬಂದವರು ಬರಿಗೈ ಬೀಸಿಕೊಂಡು ಬಂದು, ಹವಾಮಾನ ಮಾತಾಡಿ, ವಾಚು ನೋಡುತ್ತಿದ್ದರು. ಕೈಯಲ್ಲಿ ಡಬ್ಬಿ ಇದ್ದರೆ ಮಾತು ಬೇಕಿರಲಿಲ್ಲ, ಈಗ ಅದಕ್ಕೂ ಗತಿ ಇಲ್ಲ. ಎದುರು ಕೋಣೆಯ ಅಜ್ಜಿಯಂತೂ ಚಳಿರಾಯರ ಕುರ್ಚಿ ಬಂದರೆ ಬಾಗಿಲು ಹಾಕುತ್ತಿದ್ದರು. ಬಾಗಿಲು ಹಾಕಿದ್ದಕ್ಕೆ ಇವರಿಗೆ ಬೇಜಾರಾದದ್ದು ಬದುಕಿನಲ್ಲಿ ಅದೇ ಮೊದಲು.

ಇವರು ಊಟ ಬಿಟ್ಟರು. ಹಟಕ್ಕಲ್ಲ, ಇಳಿಯುತ್ತಿರಲಿಲ್ಲ. ನಾನು ಚಮಚ ಹಿಡಿದು ಕೂರುತ್ತಿದ್ದೆ, ಬಾಯಿ ತೆರೆಯುತ್ತಿದ್ದರು, ಅಲ್ಲೇ ಇಟ್ಟುಕೊಂಡಿರುತ್ತಿದ್ದರು. ವಾಚನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು, ನಿಲ್ಲುತ್ತಿಲ್ಲ ಎಂದು. ಹೀಗೇ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಮ್ಯಾನೇಜರಿಗೆ ಕಾಣುತ್ತಿರಲಿಲ್ಲ. ಅವರು ಕೂರುವ ಕೋಣೆಯಿಂದ ಹೊರಗಿನ ಗೇಟು ಮಾತ್ರ ಕಾಣುತ್ತದೆ.

ಟೈಲರ್ ಆಸ್ಪತ್ರೆಯಿಂದ ವಾಪಸು ಬಂದರು. ನಾವು ತಲೆ ತಗ್ಗಿಸಿ ಕೂತೆವು. ಅವರು ಹಾಸಿಗೆಯಲ್ಲಿ ಒರಗಿ, ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು.

"ಏನಯ್ಯಾ ಚಳಿರಾಯ, ನಿನ್ನ ಅಂಗಿ ನಿನ್ನ ಮೇಲೆ ಅಲ್ಲ, ಗೂಟದ ಮೇಲೆ ನೇತು ಹಾಕಿದ ಹಾಗಿದೆ. ತಿಂತಿಲ್ವಾ?"

"ನಿನ್ನನ್ನ ಸಾಯಿಸಿಬಿಡ್ತಿದ್ದೆ ಮಾರಾಯ."

"ಸಾಯಿಸ್ತಿದ್ದೆ, ನಿಜ. ಆದ್ರೆ ಎಷ್ಟೋ ದಿನದ ಮೇಲೆ ರುಚಿಯಾಗಿ ತಿಂದು ಸಾಯ್ತಿದ್ದೆ. ಆಸ್ಪತ್ರೇಲಿ ಏನು ಕೊಟ್ರು ಗೊತ್ತಾ? ನೀರಿಗೆ ಉಪ್ಪು ಹಾಕಿ ಅದಕ್ಕೊಂದು ಹೆಸರಿಟ್ಟಿದ್ರು." ಆಮೇಲೆ ದನಿ ತಗ್ಗಿಸಿದರು. "ನೋಡು, ಕೆಡಿಸಿದೋನು ನೀನು. ಸರಿ ಮಾಡೋನೂ ನೀನೇ. ಸಿಸ್ಟರ್ ಹತ್ರ ಹೋಗು."

ಹೋದರು. ನಾನೇ ಕುರ್ಚಿ ತಳ್ಳಿಕೊಂಡು ಹೋದೆ.

"ಫ್ರಿಜ್ ಮತ್ತೆ ಶುರು ಮಾಡಿ," ಎಂದರು.

"ನೋಡಿಕೊಳ್ಳೋರು ಯಾರು ತಾತಾ? ನನ್ನ ಹುಡುಗೀರಿಗೆ ಇರೋದು ಎರಡೇ ಕೈ. ದಿನಾ ಪ್ರತಿ ಡಬ್ಬಿ ನೋಡಬೇಕು, ಹಳೇದು ತೆಗೀಬೇಕು, ಜನ ಜಗಳಕ್ಕೆ ಬರ್ತಾರೆ. ಯಾರು ಮಾಡ್ತಾರೆ?"

"ನಾನು."

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಮೇಲೆ ಸೂರು ನೋಡಿದೆ. ಪ್ಲಗ್ ಹಾಕದ ಫ್ರಿಜ್ಜಿನಲ್ಲಿ ಸ್ವೆಟರು ಇಡಿಸಿದ ಮನುಷ್ಯ ಇವರು.

"ಫ್ರಿಜ್ ಅಂದ್ರೆ ನಿಮಗಾಗಲ್ವಲ್ಲ?"

"ಆಗಲ್ಲ. ಈಗಲೂ ಆಗಲ್ಲ. ಅದಕ್ಕೇ ಅದರ ಮೇಲೆ ಕಣ್ಣಿಟ್ಟಿರ್ತೀನಿ."

ದೊಡ್ಡ ಸಿಸ್ಟರ್ ಮ್ಯಾನೇಜರಿಗೆ ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ. ಒಪ್ಪಿದರು. ಒಂದು ಮಾತು ಸೇರಿಸಿ ಒಪ್ಪಿದರು. ಇನ್ನೊಮ್ಮೆ ಯಾರ ಹೊಟ್ಟೆ ಕೆಟ್ಟರೂ ಫ್ರಿಜ್ಜನ್ನೇ ಗುಜರಿಗೆ ಹಾಕುವುದು.

ಅವತ್ತಿನಿಂದ ಶುರುವಾಯಿತು ರಾಯರ ರಾಜ್ಯಭಾರ. ಬೆಳಿಗ್ಗೆ ಎದ್ದು ಕೋಟು ಏರಿಸಿ, ಗುಂಡಿ ಹಾಕಿ, ಹೊರಡುವುದು. ಬಾಗಿಲು ಅಷ್ಟು ಸಲ ತೆರೆದರೆ ಚಳಿ ಬಡಿಯುತ್ತದಂತೆ. ಕ್ಯಾಲೆಂಡರನ್ನು ಕಿತ್ತು ಬೇರೆ ಮೊಳೆಗೆ ಹಾಕಿಸಿದರು, ಗೋಡೆಯ ನಿಯಮ ಎಲ್ಲರಿಗೂ ಕಂಡಿತು. ಚೀಟಿ ಇಲ್ಲದ ಡಬ್ಬಿ ಬಾಗಿಲಿಂದಲೇ ವಾಪಸು. ಬಿಸಿ ಆರದ್ದು ವಾಪಸು. ಮುಚ್ಚಳ ಸಡಿಲ ಇದ್ದರೆ ವಾಪಸು. ಹೊರಗೆ ತುಂಬಾ ಹೊತ್ತು ಇಟ್ಟದ್ದು ಎಂದು ಅನುಮಾನ ಬಂದರೆ ತಂದವರನ್ನು ಪೊಲೀಸರ ಹಾಗೆ ವಿಚಾರಿಸುತ್ತಿದ್ದರು. ದಾರಿಯಲ್ಲಿ ಎಲ್ಲಿ ನಿಂತೆ? ಯಾರ ಜೊತೆ ಮಾತಾಡಿದೆ? ಚೀಲ ಬಿಸಿಲಲ್ಲಿ ಇತ್ತಾ?

ಜನ ಬೈದುಕೊಂಡರು. ಆದರೆ ಡಬ್ಬಿ ಮತ್ತೆ ಬರತೊಡಗಿತು. ಎದುರು ಕೋಣೆಯ ಅಜ್ಜಿ ಬಾಗಿಲು ತೆರೆದರು. ಬಿಸ್ಕತ್ತಿಗೆ ಫ್ರಿಜ್ ಬೇಕಿಲ್ಲ, ಗಟ್ಟಿ ಮುಚ್ಚಳದ ಡಬ್ಬಿ ಸಾಕು ಎಂದು ಇವರು ಹೇಳಿದರೂ ಕೇಳದೆ ಅದನ್ನೂ ತಂದು ಚೀಟಿ ಅಂಟಿಸಿಕೊಂಡು ಹೋಗುತ್ತಿದ್ದರು. ಮಾತಾಡಲು ಒಂದು ನೆಪ.

ನಮ್ಮವರು ತಿನ್ನತೊಡಗಿದರು. ನನ್ನ ಡಬ್ಬಿ ಫ್ರಿಜ್ಜಿನಿಂದ ಬಂದು, ಹಬೆ ಏಳುವ ತನಕ ಕಾದು, ತಟ್ಟೆಗೆ ಬರುತ್ತಿತ್ತು. "ಹೇಗಿದೆ?" ಎಂದರೆ, "ಸತ್ತು ಬದುಕಿದ ಊಟ. ಪರವಾಗಿಲ್ಲ," ಎನ್ನುತ್ತಿದ್ದರು. ಒಂದು ದಿನ ವಾಚು ಕೇಳಿ ಕಟ್ಟಿಕೊಂಡರು. ಮಣಿಕಟ್ಟಿನಲ್ಲೇ ನಿಂತಿತು.

ಗತ್ತು ಮಾತ್ರ ದಿನಕ್ಕೊಂದು ಮಾರು ಏರಿತು. ಒಂದು ಸಲ ನನ್ನ ಮೀನು ತಾರೀಕು ದಾಟಿತ್ತು. ನನ್ನ ಎದುರೇ ಬುಟ್ಟಿಗೆ ಬಗ್ಗಿಸಿದರು.

"ಅಯ್ಯೋ, ಏನೂ ಆಗಿಲ್ಲ ರೀ! ವಾಸನೆ ನೋಡಿ, ಘಮ್ ಅಂತಿದೆ."

"ವಾಸನೆ ನೋಡಿ ಹೇಳೋ ಹಾಗಿದ್ರೆ ಟೈಲರ್ ಆಸ್ಪತ್ರೆಗೆ ಯಾಕೆ ಹೋಗ್ತಿದ್ದ? ನಾನೂ ಅವತ್ತು ಘಮ್ ಅಂತಲೇ ತಿಂದದ್ದು."

"ಮಾಡೋಕೆ ನನಗೆಷ್ಟು ಹೊತ್ತು ಹಿಡೀತು ಗೊತ್ತಾ?"

"ನಿನ್ನ ಮೀನಿಗೆ ಒಂದು ನ್ಯಾಯ, ಅವರ ಕೇಕಿಗೆ ಒಂದು ನ್ಯಾಯ ಅಂದ್ರೆ ನಾಳೆ ಯಾರಾದ್ರೂ ನನ್ನ ಮಾತು ಕೇಳ್ತಾರಾ?"

ಇಷ್ಟು ದಿನ ನ್ಯಾಯ ಎಲ್ಲಿಟ್ಟಿದ್ದರೋ. ಕೋಟಿನ ಜೇಬಲ್ಲಿ ಇರಬೇಕು. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಮರುದಿನ ಕಡಿಮೆ ಮೀನು ಮಾಡಿದೆ, ಮುಗಿಯುವಷ್ಟೇ.

ಹೀಗೆ ಬಾತುಕೋಳಿಯ ದಿನ ಬಂತು. ಅದನ್ನು ಮೊದಲೇ ಹೇಳಿದೆ.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಕೋಟು ಹಾಕಿಸಿಕೊಂಡು, ಟೀ ಕುಡಿದು, ಫ್ರಿಜ್ಜಿನ ಮುಂದೆ ಕೂತರಂತೆ. ಕೆಲಸದ ಹುಡುಗಿಯರು ಅತ್ತಿಂದಿತ್ತ ಓಡಾಡಿದರು. ಬೈಸಿಕೊಳ್ಳುವುದು ಬೇಡ ಎಂದು ಯಾರೂ ಹತ್ತಿರ ಸುಳಿಯಲಿಲ್ಲ. ಟೈಲರ್ ಕೆಣಕಲೆಂದು ಚೀಟಿ ಇಲ್ಲದ ಒಂದು ಬಟ್ಟಲು ತಂದು ಅವರ ಮೂಗಿನ ಕೆಳಗೇ ಹಿಡಿದರು. "ರಾಯರೇ, ಒಳಗೆ ಇಡ್ತಿದೀನಿ," ಎಂದರು. ಬೈಗುಳ ಬರಲಿಲ್ಲ. ಅದರಿಂದಲೇ ಗೊತ್ತಾಯಿತು.

ಎದೆ ನಿಂತಿತ್ತು. ಊಟದಿಂದ ಅಲ್ಲ ಎಂದು ಡಾಕ್ಟರ್ ಬರೆದುಕೊಟ್ಟರು. ಅದೊಂದು ನನಗೆ ಬೇಕಿತ್ತು. ಓದಿಸಿ ಕೇಳಿದೆ, ಎರಡು ಸಲ.

ಮಣ್ಣು ಮಾಡಿ ಬಂದೆವು. ಮಗಳು ಬಂದಳು, ಅತ್ತಳು, ಮನೆಯ ಫ್ರಿಜ್ಜಿನಲ್ಲಿದ್ದ ಹೊದಿಕೆ ತೆಗೆದು ಬಂದವರಿಗೆ ಹಾಸಿದಳು. ಬಂದವರೆಲ್ಲ ಒಳ್ಳೆಯ ಮಾತಾಡಿದರು. ಎಷ್ಟು ಶಾಂತ ಮನುಷ್ಯ ಎಂದರು. ಯಾರ ಬಗ್ಗೆ ಹೇಳುತ್ತಿದ್ದಾರೋ ಎಂದು ಒಮ್ಮೆ ತಿರುಗಿ ನೋಡಿದೆ.

ಜನ ಹೋದ ಮೇಲೆ ಅವರ ಬಟ್ಟೆ, ಕನ್ನಡಕ, ವಾಚು ತರಲು ಹೋಮಿಗೆ ಹೋದೆ. ದೊಡ್ಡ ಸಿಸ್ಟರ್ ಕೈ ಹಿಡಿದುಕೊಂಡರು. ಟೈಲರ್ ಕಣ್ಣು ಒರೆಸಿಕೊಂಡು, ನನ್ನ ಸೀರೆಯ ಅಂಚು ಬಿಚ್ಚಿಕೊಂಡಿದೆ, ಹೊಲಿಸಿಕೊಳ್ಳಿ ಎಂದರು.

ಹಾಲಿನ ಮೂಲೆಯಲ್ಲಿ ಗಾಲಿಕುರ್ಚಿ ಹಾಗೇ ನಿಂತಿತ್ತು. ಬೆನ್ನಿಗೆ ಕೋಟು. ಮುಂದೆ ಯಾರೋ ಹೂವು ಇಟ್ಟಿದ್ದರು. ಫ್ರಿಜ್ಜಿನ ಬಾಗಿಲು ಪೂರ್ತಿ ಕೂತಿರಲಿಲ್ಲ, ಬೆರಳು ಹೋಗುವಷ್ಟು ಸಂದು. ಎಳೆದು ನೋಡಿದೆ.

ಮಧ್ಯದ ಹಲಗೆಯಲ್ಲಿ ನನ್ನ ಡಬ್ಬಿ. ಹೆಸರು, ಕೋಣೆ, ಬಾತುಕೋಳಿ. ತಾರೀಕು ಎಂದೋ ದಾಟಿತ್ತು. ಸುತ್ತ ಮುತ್ತ ಬೇರೆಯವರದ್ದು, ಅದೂ ಹಳೆಯದು. ಒಂದರ ಮೇಲೊಂದು. ಕೆಲವಕ್ಕೆ ಚೀಟಿಯೇ ಇಲ್ಲ.

"ಇದನ್ಯಾಕೆ ತೆಗೆದಿಲ್ಲ?" ಎಂದೆ.

"ಅವರದ್ದಲ್ವಾ ಅಮ್ಮಾ. ಮುಟ್ಟೋಕೆ ಯಾರಿಗೂ ಮನಸ್ಸು ಬರಲಿಲ್ಲ," ಎಂದರು ಸಿಸ್ಟರ್. "ಅದನ್ನ ಬಿಟ್ಟ ಮೇಲೆ ಬೇರೆಯವರದ್ದು ತೆಗೆಯೋದು ಹೇಗೆ? ಅವರದ್ದು ಇರಬಹುದು, ನಮ್ಮದು ಯಾಕೆ ಬೇಡ ಅಂತಾರೆ." ಇನ್ನೊಂದನ್ನೂ ಹೇಳಿದರು. "ಮ್ಯಾನೇಜರ್ ನೋಡ್ಕೊಂಡು ಹೋದ್ರು. ಇನ್ನು ಬಂದ್ ಮಾಡೋಣ ಅಂತಿದಾರೆ."

ಗೌರವ ಎಂದರೆ ಹೀಗಿರಬೇಕು. ಮನುಷ್ಯ ಪ್ರಾಣ ಬಿಟ್ಟು ಕಾದ ನಿಯಮವನ್ನು ಅವನ ಹೆಸರಿನ ಡಬ್ಬಿಯಿಂದಲೇ ಮುರಿದಿದ್ದರು. ಮುಂದೆ ಹೂವು ಬೇರೆ.

ಟೈಲರ್ ನನ್ನನ್ನೇ ನೋಡುತ್ತಿದ್ದರು. ಎದುರು ಕೋಣೆಯ ಅಜ್ಜಿಯೂ ಬಂದು ನಿಂತಿದ್ದರು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

ನಾನು ನನ್ನ ಡಬ್ಬಿ ತೆಗೆದೆ. ತಣ್ಣಗಿತ್ತು. ಮುಚ್ಚಳದ ನಾಲ್ಕೂ ಕಡೆ ಅವರ ಹೆಬ್ಬೆರಳು ಒತ್ತಿದ ಹಾಗೇ ಗಟ್ಟಿಯಾಗಿ ಕೂತಿತ್ತು. ತೆರೆಯಲು ಉಗುರು ಹಾಕಬೇಕಾಯಿತು. ಅಜ್ಜಿ, "ಬೇಡ ತಾಯಿ, ಅದೊಂದು ಇರಲಿ," ಎಂದರು.

"ತಾರೀಕು ನೋಡಿ," ಎಂದೆ.

ಬುಟ್ಟಿಗೆ ಬಗ್ಗಿಸಿದೆ. ಅನ್ನ ಗಡ್ಡೆಯಾಗಿ ಒಟ್ಟಿಗೆ ಬಿತ್ತು. ನಲ್ಲಿಯ ಕೆಳಗೆ ಡಬ್ಬಿ ಹಿಡಿದು ತೊಳೆದೆ. ಚೀಟಿ ನೀರಿಗೆ ನೆನೆದು ತಾನಾಗಿ ಬಿಟ್ಟುಕೊಂಡಿತು, ಹೋಯಿತು. ಆಗ ಅತ್ತೆ. ಅಲ್ಲಿಯ ತನಕ ಅತ್ತಿರಲಿಲ್ಲ, ಜನ ಇದ್ದರಲ್ಲ.

ಮುಖ ಒರೆಸಿಕೊಂಡು ಬಂದು ಬೇರೆಯವರದ್ದು ಒಂದೊಂದೇ ತೆಗೆದೆ. ಟೈಲರಿನ ಸೊಸೆ ಮತ್ತೆ ತಂದಿದ್ದ ಕೇಕು ಹೋಯಿತು. ಉಪ್ಪಿನಕಾಯಿ ಇದ್ದ ಬಾಟಲಿಗೆ ಚೀಟಿ ಇರಲಿಲ್ಲ, ಹೋಯಿತು. ಯಾರೂ ಎದುರು ಮಾತಾಡಲಿಲ್ಲ. ಮೊದಲು ಹೋದದ್ದು ಯಾರದ್ದು ಎಂದು ಎಲ್ಲರೂ ನೋಡಿದ್ದರು.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದೆ ಸಿಸ್ಟರಿಗೆ. "ಮ್ಯಾನೇಜರಿಗೆ ಹೇಳಿ."

ಮ್ಯಾನೇಜರ್ ಏನಂದರೋ ನಾನು ಕೇಳಲಿಲ್ಲ. ಫ್ರಿಜ್ಜಿನ ಪ್ಲಗ್ ಇವತ್ತಿಗೂ ಹಾಕಿಯೇ ಇದೆ.

ಮಗಳು ಫೋನ್ ಮಾಡಿದಾಗೆಲ್ಲ ಗೊಣಗುತ್ತಾಳೆ. ಅಪ್ಪ ಇಲ್ಲದ ಜಾಗಕ್ಕೆ ಯಾಕೆ ಹೋಗ್ತೀಯಮ್ಮಾ, ವಿಶ್ರಾಂತಿ ತಗೋ ಎನ್ನುತ್ತಾಳೆ. ವಿಶ್ರಾಂತಿ ತಗೊಂಡು ಏನು ಮಾಡಲಿ, ಸ್ವೆಟರು ಮಡಚಲಾ?

ಬೆಳಿಗ್ಗೆ ಎದ್ದು ಹೋಗುತ್ತೇನೆ. ಈಗ ಚೀಲದಲ್ಲಿ ಡಬ್ಬಿ ಇಲ್ಲ, ಒಂದು ಒರೆಸುವ ಬಟ್ಟೆ ಇದೆ. ಕೋಟು ಮೊಳೆಗೆ ನೇತು ಹಾಕಿದ್ದಾರೆ. ನಾನು ಹಾಕಿಕೊಳ್ಳುವುದಿಲ್ಲ, ಅದು ಮೊಣಕಾಲು ದಾಟುತ್ತದೆ. ಕತ್ತರಿಸಿ ಸರಿ ಮಾಡಿಸಲಾ ಎಂದು ಟೈಲರ್ ದಿನಾ ಕೇಳುತ್ತಾರೆ. ಅದರ ತಂಟೆಗೆ ಬಂದರೆ ನೋಡಿ ಎಂದಿದ್ದೇನೆ.

ಡಬ್ಬಿ ಒಂದೊಂದೇ ಹೊರಗೆ ಇಟ್ಟು ಚೀಟಿ ನೋಡುತ್ತೇನೆ. ದಾಟಿದ್ದನ್ನು ಬುಟ್ಟಿಗೆ ಹಾಕುತ್ತೇನೆ, ಇರುವುದನ್ನು ಹಳೆಯದು ಮುಂದೆ, ಹೊಸದು ಹಿಂದೆ ಇಡುತ್ತೇನೆ. ಹಲಗೆ ಒರೆಸುತ್ತೇನೆ. ಆಮೇಲೆ ಬಾಗಿಲು ಮುಚ್ಚಿ, ಅಂಗೈ ಇಟ್ಟು, ರಬ್ಬರು ಕಚ್ಚಿಕೊಳ್ಳುವ ತನಕ ಒತ್ತುತ್ತೇನೆ.